ಆಯಿ ಬಿಟ್ಟುಹೋದದ್ದು

ನಮ್ಮ ಆಯಿ, ಅಂದರೆ ಅಜ್ಜಿ, ತೀರಿಕೊಂಡು ಇವತ್ತಿಗೆ 40 ದಿನ. ಅವರಿಗೆ 86 ವರ್ಷ ಆಗಿತ್ತು. ನೋವಿಲ್ಲದೆ, ನಿದ್ದೆಯಲ್ಲೇ ಕರ್ತನ ಬಳಿಗೆ ಹೋದರು. ಇಷ್ಟು ದಿನ ಬರೆಯಬೇಕು ಅಂತ ಕೂತರೂ ಕೈ ಓಡಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೂರನೇ ದಿನ. ಧಾರವಾಡದ ಹಳೇ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ಚಹಾ ಬಂತು. ಚಹಾದ ಹಿಂದೆಯೇ ಮನೆಯ ಉತಾರದ, ಅಂದರೆ ಆಸ್ತಿ ದಾಖಲೆಯ, ಮಾತು ಬಂತು. ಎರಡು ಬಳೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. 'ಏನೇನು ಬಿಟ್ಟು ಹೋಗ್ಯಾರ, ಒಮ್ಮೆ ನೋಡಿಬಿಡೋಣ' ಅಂದರು ನೆಂಟರೊಬ್ಬರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸಾವಿನ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಆದರೂ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಸತ್ಯವೇದದ, ಅಂದರೆ ಬೈಬಲಿನ, ಲೂಕನ ಸುವಾರ್ತೆಯಲ್ಲಿ ಬರುವ ಆ ಸಾಹುಕಾರ ನೆನಪಾದ. ಬೆಳೆ ಜಾಸ್ತಿ ಬಂತು, ಕಣಜ ಸಾಲದು, ಕೆಡವಿ ದೊಡ್ಡದು ಕಟ್ಟಿಸುತ್ತೇನೆ ಅಂದುಕೊಂಡು ಮಲಗಿದವನು. ಅದೇ ರಾತ್ರಿ ದೇವರು ಅವನನ್ನು ಕೇಳುತ್ತಾನೆ, ಕೂಡಿಟ್ಟದ್ದೆಲ್ಲ ಇನ್ನು ಯಾರದಾಗುತ್ತದೆ ಅಂತ.

ಅಷ್ಟರಲ್ಲಿ ಹಿಂದಿನ ಓಣಿಯ ಒಬ್ಬ ಅಕ್ಕ ಬಂದರು. ಬಗಲಲ್ಲಿ ಒಂದು ಮಡಿಸಿದ ಕೌದಿ. ಅವರು ನಮ್ಮ ಚರ್ಚಿನವರಲ್ಲ. ಹೊಸ್ತಿಲ ಹತ್ತಿರವೇ ಕೂತು ಕೌದಿ ಬಿಡಿಸಿದರು.

'ತಮ್ಮಾ, ಇದು ನಿಮ್ಮ ಆಯಿ ಹೊಲಿದು ಕೊಟ್ಟದ್ದು. ನನ್ನ ಮಗಳು ಹುಟ್ಟಿದಾಗ. ಈಗ ಆಕಿ ಕೂಸು ಇದರಾಗ ಮಲಗತದ. ಮೂಲಿ ಹರಿದಿತ್ತು, ಆಯಿ ಕಡೆ ಕೊಟ್ಟರ ಹೊಲಿದು ಕೊಡತಾರ ಅಂತ ಎತ್ತಿ ಇಟ್ಟಿದ್ದೆ...'

ಮುಂದೆ ಮಾತು ಬರಲಿಲ್ಲ ಅವರಿಗೆ.

ನಾನು ಆ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡೆ. ನಡುವೆ ನೀಲಿ ಇಳಕಲ್ ಸೀರೆಯ ತುಂಡು. ಅದು ಆಯಿಯದೇ, ನಾನು ಚಿಕ್ಕವನಿದ್ದಾಗ ನೋಡಿದ ನೆನಪು. ಸುತ್ತ ಯಾರದೋ ಅಂಗಿ, ಯಾರದೋ ಲಂಗ, ಒಂದು ಮೂಲೆಯಲ್ಲಿ ಅಜ್ಜನ ಪಟ್ಟೆ ಪಟ್ಟೆ ಪೈಜಾಮದ ಬಟ್ಟೆ. ಅಂಚಿನಿಂದ ಒಳಗೆ ಸಾಲು ಸಾಲಾಗಿ ಬಿಳಿ ದಾರದ ಹೊಲಿಗೆ. ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು. ಎಷ್ಟು ಸಲ ಒಗೆದಿದ್ದರೋ, ಬಟ್ಟೆ ಬೆಣ್ಣೆಯ ಹಾಗೆ ಮೆತ್ತಗಾಗಿತ್ತು. ಆಯಿ ಇಂಥವು ಎಷ್ಟು ಹೊಲಿದರು ಅಂತ ಮನೆಯಲ್ಲಿ ಯಾರಿಗೂ ಲೆಕ್ಕ ಗೊತ್ತಿಲ್ಲ. ಓಣಿಯಲ್ಲಿ ಯಾರಾದರೂ ಬಸುರಿ ಅಂತ ಗೊತ್ತಾದರೆ ಸಾಕು, ಮಧ್ಯಾಹ್ನ ಊಟ ಆದ ಮೇಲೆ ಸೂಜಿ ಹಿಡಿದು ಕೂತುಬಿಡುತ್ತಿದ್ದರು. ಹೊಲಿಯುವಾಗ ಬಾಯಲ್ಲಿ ಸಣ್ಣಗೆ ಕೀರ್ತನೆ.

ಸತ್ಯವೇದದ ಅಪೊಸ್ತಲರ ಕೃತ್ಯಗಳಲ್ಲಿ ದೊರ್ಕ ಅಂತ ಒಬ್ಬಳು ಬರುತ್ತಾಳೆ, ತಬಿಥಾ ಅಂತಲೂ ಹೆಸರು. ಯೊಪ್ಪ ಊರಿನವಳು. ಅವಳು ತೀರಿಕೊಂಡಾಗ ಯೇಸುವಿನ ಶಿಷ್ಯ ಪೇತ್ರನನ್ನು ಕರೆಸುತ್ತಾರೆ. ಮಾಳಿಗೆ ಕೋಣೆಯಲ್ಲಿ ವಿಧವೆಯರು ಅಳುತ್ತಾ ಅವನ ಸುತ್ತ ನಿಂತು, ಅವಳು ಹೊಲಿದು ಕೊಟ್ಟ ಅಂಗಿ, ಬಟ್ಟೆಗಳನ್ನು ತೋರಿಸುತ್ತಾರೆ. ಪೇತ್ರನು ಪ್ರಾರ್ಥಿಸಿದಾಗ ಅವಳು ಎದ್ದು ಕೂತದ್ದನ್ನೇ ನಾವು ಭಾನುವಾರದ ಪ್ರಸಂಗದಲ್ಲಿ ಕೇಳುತ್ತೇವೆ. ಅದು ದೊಡ್ಡದೇ. ಆದರೆ ನನ್ನ ಮನಸ್ಸು ಈಗ ಆ ವಿಧವೆಯರ ಕೈಯಲ್ಲಿದ್ದ ಬಟ್ಟೆಯ ಮೇಲೆ ನಿಂತಿದೆ. ದೊರ್ಕಳ ಬಾಯಿಂದ ಬಂದ ಒಂದು ಮಾತೂ ಸತ್ಯವೇದದಲ್ಲಿಲ್ಲ. ಮನೆ ಎಷ್ಟು ದೊಡ್ಡದಿತ್ತು, ಮಕ್ಕಳಿದ್ದರೋ ಇಲ್ಲವೋ, ಅದೂ ಇಲ್ಲ. ಅವಳ ಬದುಕಿಗೆ ಸಾಕ್ಷಿಯಾಗಿ ಅವರು ಎತ್ತಿ ಹಿಡಿದದ್ದು ಹೊಲಿದ ಬಟ್ಟೆ.

ನಮ್ಮ ಕಡೆ ಕ್ರೈಸ್ತರ ಕೊಡುಗೆ ಅಂದರೆ ಕಿಟ್ಟೆಲ್ ಅವರ ಹೆಸರು ಮೊದಲು ಬರುತ್ತದೆ, ಅಲ್ವಾ? ಬರಲೇಬೇಕು. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ, 21ರ ವಯಸ್ಸಿಗೆ, ಬಾಸೆಲ್ ಮಿಶನ್ ಕಡೆಯಿಂದ ಇಲ್ಲಿಗೆ ಬಂದರು. ಬಂದದ್ದು ಸುವಾರ್ತೆ ಸಾರುವುದಕ್ಕೆ. ಆದರೆ ನಮ್ಮ ಮಾತಿಗೆ ಎಷ್ಟು ಮನಸ್ಸು ಕೊಟ್ಟರೆಂದರೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. 1,700ಕ್ಕೂ ಜಾಸ್ತಿ ಪುಟ. ಹಳಗನ್ನಡ ಕಾವ್ಯದ ಸಾಲೂ ಇದೆ, ಅಡುಗೆಮನೆಯ ಗಾದೆಯೂ ಇದೆ. ಅವರು 1903ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ನಮ್ಮಿಂದ ಸಾವಿರಾರು ಮೈಲಿ ದೂರ. ಪುಸ್ತಕ ಇಲ್ಲಿದೆ. ಕ್ರೈಸ್ತರಲ್ಲದವರೇ ಅದನ್ನು ಹೆಚ್ಚಾಗಿ ತೆರೆದು ನೋಡುತ್ತಾರೆ. ಅದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

ಆ ಕೆಲಸದಲ್ಲಿ ಅವರಿಗೆ ಇಲ್ಲಿನ ಪಂಡಿತರು ನೆರವಾದರು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಒಂದೊಂದು ಪದದ ಅರ್ಥ ಬಿಡಿಸಿ ಹೇಳಿದವರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನರ ಬಾಯಲ್ಲಿದೆ? ಗದಗ-ಬೆಟಗೇರಿಯ ಮಿಶನ್ ಆಸ್ಪತ್ರೆಯನ್ನು ಜನ ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಅಲ್ಲಿ ರಾತ್ರಿಯೆಲ್ಲ ಎದ್ದಿದ್ದು ಹೆರಿಗೆ ಮಾಡಿಸಿದ ನಮ್ಮದೇ ಊರಿನ ನರ್ಸಮ್ಮಂದಿರ ಹೆಸರು ಯಾವ ಕಲ್ಲಿನ ಮೇಲೂ ಇರಲಿಕ್ಕಿಲ್ಲ. ಅವರ ಕೈಯಲ್ಲಿ ಹುಟ್ಟಿದ ಮಕ್ಕಳು ಇವತ್ತು ಅಜ್ಜ ಅಜ್ಜಿಯರಾಗಿದ್ದಾರೆ.

ಇದನ್ನೆಲ್ಲ ಹೇಳಲು ಕಾರಣ ಇದೆ. ನಮ್ಮ ಚರ್ಚುಗಳಲ್ಲಿ ಬೆಂಚಿನ ಬೆನ್ನಿಗೆ, ಫ್ಯಾನಿನ ರೆಕ್ಕೆಗೆ, ಗೋಡೆ ಗಡಿಯಾರಕ್ಕೆಲ್ಲ ಹೆಸರು ಬರೆಸುತ್ತೇವೆ. ಹೋದವರ ನೆನಪಿಗೆ ಬರೆಸಿದರೆ ತಪ್ಪಿಲ್ಲ. ಆ ಹೆಸರು ಕಣ್ಣಿಗೆ ಬಿದ್ದಾಗ ಮನೆಯವರಿಗೆ ಸಮಾಧಾನ ಆಗುತ್ತದೆ. ಆದರೆ ಬದುಕಿರುವವರೇ ತಮ್ಮ ಹೆಸರು ಕೆತ್ತಿಸಿಕೊಳ್ಳುವುದು ಈಚೆಗೆ ಜಾಸ್ತಿಯಾಗಿದೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂದ ಕರ್ತನ ಮನೆಯಲ್ಲವೇ ಅದು?

ಸಮಾಧಿಯ ಹತ್ತಿರ ಪಾಸ್ಟರು ಪ್ರಕಟನೆಯ ಪುಸ್ತಕದಿಂದ ಓದಿದರು. ಕರ್ತನಲ್ಲಿ ಸಾಯುವವರು ಧನ್ಯರು, ಅವರು ಮಾಡಿದ ಕೆಲಸ ಅವರ ಸಂಗಡ ಬರುತ್ತದೆ ಅನ್ನುವ ಮಾತು. ಎಷ್ಟೋ ಸಲ ಕೇಳಿದ ವಾಕ್ಯ. ಆದರೆ ಅವತ್ತು ಬೇರೆ ಥರ ಕೇಳಿಸಿತು. ನಾವು ಸತ್ತವರು ಬಿಟ್ಟುಹೋದದ್ದನ್ನು ಎಣಿಸುತ್ತೇವೆ. ವಾಕ್ಯ ಅವರು ಜೊತೆಗೆ ಒಯ್ದದ್ದರ ಬಗ್ಗೆ ಹೇಳುತ್ತಿದೆ. ಬಳೆ, ಠೇವಣಿ ಇಲ್ಲೇ ಉಳಿದವು. ಮಧ್ಯಾಹ್ನಗಳೆಲ್ಲ ಕೂತು ಹೊಲಿದ ಆ ಪ್ರೀತಿ ಆಯಿಯ ಜೊತೆ ಹೋಗಿದೆ, ದೇವರ ಮುಂದೆ ಇದೆ ಅಂತ ನಾನು ನಂಬುತ್ತೇನೆ. ಅಷ್ಟೇ ಅಲ್ಲ, ಹಿಂದಿನ ಓಣಿಯಲ್ಲಿ ಒಂದು ಕೂಸನ್ನು ಬೆಚ್ಚಗೆ ಇಟ್ಟಿದೆ.

ಅವತ್ತು ಪಡಸಾಲೆಯಲ್ಲಿ ಉತಾರದ ಮಾತು ಅಲ್ಲಿಗೇ ನಿಂತಿತು. ಅಮ್ಮ ಒಳಗೆ ಹೋಗಿ ಆಯಿಯ ಸೂಜಿಯ ಡಬ್ಬಿ ತಂದರು. ಹಳೇ ಬಿಸ್ಕತ್ತಿನ ಡಬ್ಬಿ ಅದು. ಟ್ರಂಕಿನಿಂದ ಆಯಿಯ ಒಂದು ಹಸಿರು ಸೀರೆ ತೆಗೆದು, ಸೆರಗಿನಿಂದ ಅಂಗೈಯಷ್ಟು ತುಂಡು ಹರಿದರು. ಅಮ್ಮನಿಗೆ ಕೌದಿ ಹೊಲಿದು ರೂಢಿ ಇಲ್ಲ. ಆ ಅಕ್ಕ ಬಟ್ಟೆ ಬಿಗಿಯಾಗಿ ಹಿಡಿದುಕೊಂಡರು, ಅಮ್ಮ ಹೊಲಿದರು. ಹೊಲಿಗೆ ಸ್ವಲ್ಪ ಸೊಟ್ಟ ಬಂತು, ಎರಡು ಸಲ ದಾರ ಕಿತ್ತಿತು. ಮುಗಿದ ಮೇಲೆ ಆ ಅಕ್ಕ ಕೌದಿ ಕೊಡವಿ ಹೆಗಲಿಗೆ ಹಾಕಿಕೊಂಡು, 'ಬರ್ತೀನಿ ಅಕ್ಕಾರ, ಕೂಸು ಏಳೋ ಹೊತ್ತಾತು' ಅಂತ ಬೇಗ ಬೇಗ ಹೊರಟರು.