ಮೊದಲ ದಿನದ ಟೂರ್ ಬೇಡ, ಸಿಕ್ಕಿಕೊಂಡಾಗ ತೋರಿಸಿ

ಹೊಸ ವೆಬ್‌ಸೈಟ್ ತೆರೆದ ಕೂಡಲೇ ಪರದೆಯೆಲ್ಲ ಮಂಕಾಗಿ, ಒಂದೇ ಒಂದು ಬಟನ್ ಬೆಳಗಿ, ಪಕ್ಕದಲ್ಲಿ "ಇಲ್ಲಿ ಒತ್ತಿ" ಅಂತ ಪುಟ್ಟ ಪೆಟ್ಟಿಗೆ ಮೂಡುವುದನ್ನು ನೀವೆಲ್ಲ ನೋಡಿರುತ್ತೀರಿ. ಹೀಗೆ ಹಂತ ಹಂತವಾಗಿ ಸೈಟ್ ತೋರಿಸುವುದೇ ಟೂರ್. ಈ ಕೆಲಸಕ್ಕಿರುವ ಲೈಬ್ರರಿಗಳಲ್ಲಿ, ಅಂದರೆ ಸೈಟ್ ಕಟ್ಟುವವರು ಎತ್ತಿಕೊಂಡು ಬಳಸುವ ಸಿದ್ಧ ಕೋಡುಗಳಲ್ಲಿ, ನನಗೆ ತುಂಬಾ ಇಷ್ಟವಾದದ್ದು ಕಮ್ರಾನ್ ಅಹ್ಮದ್ ಬರೆದ ಡ್ರೈವರ್ ಡಾಟ್ ಜೆಎಸ್. ಬೇರೆ ಯಾವ ಲೈಬ್ರರಿಯ ಹಂಗೂ ಇಲ್ಲ, ಜಿಜಿಪ್ ಮಾಡಿ ಕುಗ್ಗಿಸಿದ ಮೇಲೆ ಸುಮಾರು 5 ಕೆಬಿ. ಎಂಐಟಿ ಲೈಸೆನ್ಸ್ ಬೇರೆ, ಅಂದರೆ ವ್ಯಾಪಾರಕ್ಕೂ ಪುಕ್ಕಟೆಯಾಗಿ ಬಳಸಬಹುದು. ಇದೇ ಕೆಲಸ ಮಾಡುವ ಇಂಟ್ರೋ ಡಾಟ್ ಜೆಎಸ್ ಅನ್ನು ವ್ಯಾಪಾರಕ್ಕೆ ಬಳಸುವವರು ಲೈಸೆನ್ಸ್ ಕೊಳ್ಳಬೇಕು. ಸಣ್ಣ ತಂಡಗಳಿಗೆ ಅದು ದೊಡ್ಡ ವ್ಯತ್ಯಾಸ.

ಇದರ ಒಳಗಿನ ಉಪಾಯ ಸೊಗಸಾಗಿದೆ. ಹಳೆಯ ಆವೃತ್ತಿ, ಬೆಳಗಬೇಕಾದ ಎಲಿಮೆಂಟಿನ (ಬಟನ್‌ನಂಥ ಪುಟದ ಭಾಗದ) ಝಡ್-ಇಂಡೆಕ್ಸ್, ಅಂದರೆ ಯಾವುದರ ಮೇಲೆ ಯಾವುದು ಕಾಣಬೇಕು ಎಂಬ ಸಂಖ್ಯೆ, ಏರಿಸಿ ಕಪ್ಪು ಪರದೆಯ ಮೇಲಕ್ಕೆ ತರುತ್ತಿತ್ತು. ಆದರೆ ಅದನ್ನು ಒಳಗಿಟ್ಟುಕೊಂಡಿರುವ ಪೇರೆಂಟಿಗೆ ತಿರುಗಿಸುವ, ಸರಿಸುವ ಟ್ರಾನ್ಸ್‌ಫಾರ್ಮ್ ಇದ್ದರೆ, ಅಥವಾ ಒಪ್ಯಾಸಿಟಿ (ಎಷ್ಟು ಗಟ್ಟಿಯಾಗಿ ಕಾಣಬೇಕು ಎಂಬ ಅಳತೆ) 1ಕ್ಕಿಂತ ಕಡಿಮೆ ಇದ್ದರೆ, ಎಲಿಮೆಂಟು ಆ ಪೇರೆಂಟಿನ ಪದರದೊಳಗೇ ಸಿಕ್ಕಿಬೀಳುತ್ತದೆ. ಲಕ್ಷ ಝಡ್-ಇಂಡೆಕ್ಸ್ ಕೊಟ್ಟರೂ ಮೇಲೆ ಬರಲ್ಲ. 1.0 ಆವೃತ್ತಿಯಲ್ಲಿ ಯೋಚನೆಯನ್ನೇ ತಿರುಗಿಸಿದರು. ಪುಟದ ಮೇಲೆ ಒಂದು ಎಸ್‌ವಿಜಿ ಚಿತ್ರ ಹೊದಿಸಿ, ಎಲಿಮೆಂಟು ಇರುವ ಜಾಗದ ಅಳತೆ ತೆಗೆದುಕೊಂಡು, ಸುತ್ತ 10 ಪಿಕ್ಸೆಲ್ ಬಿಟ್ಟು, ಆ ಹೊದಿಕೆಯಲ್ಲೇ ಕಿಂಡಿ ಕೊರೆಯುತ್ತಾರೆ. ಎಲಿಮೆಂಟು ಇದ್ದಲ್ಲೇ ಇರುತ್ತದೆ.

ಇಷ್ಟು ಚೆಂದದ ಸಾಧನವನ್ನು ನಾವು ಬಳಸುವ ಹೊತ್ತೇ ಸರಿಯಿಲ್ಲ ಅನ್ನುವುದು ನನ್ನ ತಕರಾರು. ಬಂದ ಮೊದಲ ನಿಮಿಷಕ್ಕೇ ಎಂಟು ಹಂತದ ಟೂರ್ ಹತ್ತಿಸುತ್ತೇವೆ. ಆಗ ಬಳಕೆದಾರರ ತಲೆಯಲ್ಲಿ ಯಾವ ಪ್ರಶ್ನೆಯೂ ಇರುವುದಿಲ್ಲ. ನೆಕ್ಸ್ಟ್, ನೆಕ್ಸ್ಟ್ ಒತ್ತಿ ದಾಟಿಬಿಡುತ್ತಾರೆ.

ನಮ್ಮೂರ ಸೈಬರ್ ಸೆಂಟರಿನಲ್ಲಿ ಪಿಯುಸಿ ಹುಡುಗಿಯೊಬ್ಬಳು ಸ್ಕಾಲರ್‌ಶಿಪ್ ಫಾರ್ಮ್ ತುಂಬುತ್ತಿದ್ದಳು. ಕೊನೆಗೆ ಸಬ್‌ಮಿಟ್ ಒತ್ತಿದರೆ ಏನೂ ಆಗುತ್ತಿಲ್ಲ. ಮತ್ತೆ ಮತ್ತೆ ಒತ್ತಿದಳು. "ಸರ್ವರ್ ಡೌನ್ ಇರ್ಬೇಕಮ್ಮ, ಸಂಜೆ ಬಾ" ಅಂದರು ಅಂಗಡಿಯವರು. ಬಗ್ಗಿ ನೋಡಿದರೆ, ಎರಡು ಪರದೆಯಷ್ಟು ಮೇಲೆ ಫೋಟೊದ ಕೆಳಗೆ, ಫೈಲ್ ದೊಡ್ಡದಾಯಿತು ಎಂಬ ಸಾಲು ಸಣ್ಣ ಕೆಂಪಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಇತ್ತು. ಸ್ಪಾಟ್‌ಲೈಟ್ ಬೇಕಾಗಿದ್ದು ಆ ಕ್ಷಣಕ್ಕೆ. ಡ್ರೈವರ್‌ನ ಹೈಲೈಟ್ ಎಂಬ ಒಂದೇ ಆಜ್ಞೆ ಸಾಕಿತ್ತು: ಪುಟವನ್ನು ಅಲ್ಲಿಗೆ ಸರಿಸಿ, ಫೋಟೊದ ಜಾಗವನ್ನಷ್ಟೇ ಬೆಳಗಿ, "ಫೋಟೊ ದೊಡ್ಡದಾಯಿತು, ಚಿಕ್ಕದು ಮಾಡಿ ಹಾಕಿ" ಅನ್ನುತ್ತಿತ್ತು.

ಇನ್ನೊಂದು ಮಾತು ಖಾರವಾಗಿಯೇ ಹೇಳುತ್ತೇನೆ. ಇದರಲ್ಲಿ ಅಲೌಕ್ಲೋಸ್ ಎಂಬ ಸೆಟ್ಟಿಂಗ್ ಇದೆ, ಟೂರ್ ಅನ್ನು ನಡುವೆಯೇ ಮುಚ್ಚಬಹುದೇ ಎಂದು ಹೇಳುವಂಥದ್ದು. ತಾನಾಗಿ ಅದು ಟ್ರೂ, ಅಂದರೆ ಮುಚ್ಚಬಹುದು. ಕೆಲವರು ಬೇಕೆಂದೇ ಫಾಲ್ಸ್ ಮಾಡುತ್ತಾರೆ, ಟೂರ್ ಮುಗಿಸದೆ ಯಾರೂ ಹೊರಬರಬಾರದಂತೆ. ತಮ್ಮ ಕೆಲಸಕ್ಕೆ ಬಂದವರನ್ನು ಹೀಗೆ ಕಟ್ಟಿಹಾಕಲು ನಮಗೆ ಯಾವ ಹಕ್ಕೂ ಇಲ್ಲ. ಎಸ್ಕೇಪ್ ಒತ್ತಿದರೆ ಮುಚ್ಚಲೇಬೇಕು.

ಕನ್ನಡದ ಸೈಟ್ ಮಾಡುವವರೇ, ನೆಕ್ಸ್ಟ್, ಪ್ರೀವಿಯಸ್, ಡನ್ ಮೂರನ್ನೂ ಬದಲಿಸುವ ಅವಕಾಶ ಲೈಬ್ರರಿಯಲ್ಲೇ ಇದೆ. "ಮುಂದೆ", "ಹಿಂದೆ", "ಆಯ್ತು" ಅಂತ ಹಾಕಿ. ಪೆಟ್ಟಿಗೆಯ ಅಗಲ ಹೆಚ್ಚೆಂದರೆ 300 ಪಿಕ್ಸೆಲ್, ನಮ್ಮ ಪದಗಳೋ ಉದ್ದ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅದನ್ನು ಸ್ವಲ್ಪ ಹಿಗ್ಗಿಸಿ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಿ.