ತಾಯಿಯಿರುವ ತಬ್ಬಲಿ

ಆ ವಿಡಿಯೋ ನಿಮಗೂ ಬಂದಿರುತ್ತದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಅಂಚಿನಲ್ಲಿ ಸಿಕ್ಕ ಕಾಡುಕುರಿ ಮರಿ. ಕುರಿಯಲ್ಲ, ನಾಯಿಯಂತೆ ಬೊಗಳುವ ಸಣ್ಣ ಜಿಂಕೆ ಅದು. ಮೈಗೆ ಶಾಲು, ಬಾಯಿಗೆ ನಿಪ್ಪಲ್ ಬಾಟಲಿ. ಸುತ್ತ ಹನ್ನೊಂದು ಜನ, ಹನ್ನೆರಡು ಮೊಬೈಲು. ‘ತಬ್ಬಲಿಗೆ ಮರುಜನ್ಮ.’

ಎಂಥಾ ಕರುಣೆ ಮಾರಾಯ್ರೆ! ತೊಂದರೆ ಒಂದೇ, ಅದಕ್ಕೆ ತಾಯಿ ಇತ್ತು. ಕಾಡುಕುರಿ ತನ್ನ ಮರಿಯನ್ನು ಪೊದೆಯ ಮರೆಯಲ್ಲಿ ಮಲಗಿಸಿಯೇ ಮೇಯಲು ಹೋಗುವುದು. ಮರಿ ಅಲುಗಾಡದೆ ಬಿದ್ದಿರುತ್ತದೆ, ಅನಾಥವಾಗಿ ಅಲ್ಲ, ಹೇಳಿದ ಮಾತು ಕೇಳಿ. ನಮ್ಮ ಮನೆ ಮಕ್ಕಳಲ್ಲಿ ಕಾಣದ ಗುಣ ನೋಡಿ, ಅದಕ್ಕೇ ಗುರುತು ಸಿಗಲಿಲ್ಲ.

ದನದ ಹಾಲು ಕುಡಿಸಿದರೆ ಅಂಥ ಮರಿಗೆ ಭೇದಿ ಹಿಡಿಯುತ್ತದೆ. ಬದುಕಿಕೊಂಡರೂ ಮನುಷ್ಯರ ಹೆದರಿಕೆ ಹೋಗಿರುತ್ತದೆ, ಕಾಡಿಗೆ ಬಿಟ್ಟರೆ ಮೊದಲ ನಾಯಿಗೇ ಊಟ. ಆಮೇಲೆ ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪ ಮೃಗಾಲಯದಂಥ ಕಡೆ ಬೇಲಿಯೊಳಗಿನ ಬಾಳು. ಭಾನುವಾರ ಟಿಕೆಟ್ ತೆಗೆದುಕೊಂಡು ನೋಡಿ ಬರೋಣ ಬಿಡಿ.

ಮಂಗಕ್ಕೆ ಶಾಲು ಹೊದಿಸಿದವರನ್ನು ಮಾತ್ರ ನಾನು ಕಂಡಿಲ್ಲ. ಅದಕ್ಕೆ ಬೆಳಿಗ್ಗೆ ಗರ್ನಾಲು, ಸಂಜೆ ಕವಣೆ. ತೋಟಕ್ಕೆ ಬರುವ ಮಂಗಗಳನ್ನು ಹಿಡಿದು ಬಿಡಲು ಸರ್ಕಾರದವರು ಮಂಕಿ ಪಾರ್ಕ್ ಮಾಡ್ತೀವಿ ಅಂದರು, ಹೊಸನಗರದ ನಾಗೋಡಿಯಲ್ಲಿ ಅಂದರು, ಊರವರು ಬೇಡವೇ ಬೇಡ ಅಂದರು. ಮಂಗಕ್ಕೆ ಮರ್ಯಾದೆ ಸತ್ತ ಮೇಲೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಂಡಿತಲ್ಲ, ಅಂದಿನಿಂದ ಹೆಣ ಬಿದ್ದರೆ ಡಾಕ್ಟರು, ಸ್ಯಾಂಪಲ್ಲು ಎಲ್ಲ. ಹರಡೋದು ಉಣುಗು, ಹೆಸರು ಕೆಟ್ಟಿದ್ದು ಮಂಗನದು. ಅದೂ ಸಾಯುವುದು ಅದೇ ಕಾಯಿಲೆಯಿಂದ.

ಹೋದ ಮಳೆಗಾಲ ಕಾರು ಗುದ್ದಿದ ಕಬ್ಬೆಕ್ಕೊಂದು ಸಿಕ್ಕಿತು. ಸೊಂಟ ಮುರಿದಿತ್ತು. ಬುಟ್ಟಿಯಲ್ಲಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ‘ರಸ್ತೆಯ ಎಡಕ್ಕೋ ಬಲಕ್ಕೋ?’ ಎಂದರು. ಎಡಕ್ಕೆ ಒಂದು ರೇಂಜ್ ಅಂತೆ, ಬಲಕ್ಕೆ ಇನ್ನೊಂದು. ನಡುರಸ್ತೆ ಅಂದೆ. ಲೈನ್ ಕಟ್ಟಾಯಿತು. ದನದ ಡಾಕ್ಟರು, ‘ಕಾಡುಪ್ರಾಣಿ ಮುಟ್ಟಿದರೆ ಕೇಸು, ಲೆಟರ್ ತನ್ನಿ’ ಅಂದರು. ಲೆಟರ್ ಕೊಡಬೇಕಾದವರು ಮೀಟಿಂಗಿನಲ್ಲಿದ್ದರು. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. ರಾತ್ರಿಯಿಡೀ ನರಳಿತು. ಇದರಲ್ಲಿ ತಮಾಷೆ ಮಾಡಲಿಕ್ಕೆ ಏನಿದೆ, ನನಗೆ ಗೊತ್ತಾಗುತ್ತಿಲ್ಲ. ಮೂಳೆ ಮುರಿದದ್ದಕ್ಕೆ ಕೈ ಹಚ್ಚುವವರಿಲ್ಲ. ಗಟ್ಟಿಮುಟ್ಟಾಗಿ ಮಲಗಿದ್ದನ್ನು ಎತ್ತಿಕೊಳ್ಳಲು ಹನ್ನೊಂದು ಜನ.

ಇರಲಿ. ಮರಿ ಸಿಕ್ಕ ತೋಟದ ಹಿಂದೆ ಎರಡು ರಾತ್ರಿ ಕಾಡುಕುರಿಯೊಂದು ಬೊಗಳುತ್ತಲೇ ಇತ್ತಂತೆ. ಎರಡನೇ ರಾತ್ರಿ ಮನೆಯವರಿಗೆ ನಿದ್ದೆ ಹಾಳಾಯಿತು. ಎದ್ದು ಒಂದು ಗರ್ನಾಲು ಹೊಡೆದು ಮಲಗಿದರು.