ನೀರು ಹಿಡೀರಿ, ಅಯ್ಯೋ ಬೇಡ, ಬಿಡ್ರಪ್ಪಾ

ಅಮೆರಿಕಾದ ಲೇಕ್ ಮಿಷಿಗನ್‌ನ ಕೆರೆ ಅಂತ ಕರೆಯೋಕೆ ನಂಗೆ ಇವತ್ತಿಗೂ ಬಾಯಿ ಬರಲ್ಲ, ಉದ್ದ ಸುಮಾರು 500 ಕಿಲೋಮೀಟರ್, ಆಚೆ ದಡ ಕಾಣಲ್ಲ, ಕರ್ನಾಟಕದ ಹತ್ತಿರತ್ತಿರ ಮೂರನೇ ಒಂದು ಪಾಲನ್ನ ಅದರಲ್ಲಿ ಆರಾಮಾಗಿ ಮುಳುಗಿಸಬಹುದು. ಅದರ ಪೂರ್ವದ ದಡದಲ್ಲಿ ಮರಳು, ಜೇಡಿಮಣ್ಣಿನ ಎತ್ತರದ ದಿಬ್ಬಗಳಿವೆ, ಮನೆ ಕಟ್ಟೋದಾದ್ರೆ ಆ ದಿಬ್ಬದ ಅಂಚಲ್ಲೇ ಕಟ್ಟಬೇಕು ಇಲ್ಲಿನವರಿಗೆ, ನಾಲ್ಕು ಹೆಜ್ಜೆ ಹಿಂದಕ್ಕೆ ಕಟ್ಟಿದ್ರೆ ಸೂರ್ಯ ಮುನಿಸ್ಕೊಂಡು ಬೇರೆ ಕಡೆ ಮುಳುಗ್ತಾನೆ ಅನ್ನೋ ಹಾಗೆ.

ಮೊದ್ಲು ವ್ಯೂಗೆ ಅಡ್ಡ ಅಂತ ಮರ ಕಡೀತಾರೆ. ಮಣ್ಣು ಹಿಡ್ಕೊಂಡಿದ್ದೇ ಆ ಬೇರುಗಳು. ಆಮೇಲೆ ಲಾನು, ಲಾನಿಗೆ ದಿನಾ ಸ್ಪ್ರಿಂಕ್ಲರು, ಆ ನೀರು ಇಂಗಿ ದಿಬ್ಬ ಮೇಲಿಂದ ಮೆತ್ತಗಾಗ್ತಾ ಬರುತ್ತೆ, ಕೆಳಗಿಂದ ಅಲೆ ಬುಡ ಕೊರೀತಾ ಬರುತ್ತೆ. 2020ರ ಬೇಸಿಗೆಲಿ ಈ ದಡದ ಸೌತ್ ಹೇವನ್ ಊರಿನ ಹತ್ರ ಕಣ್ಣಾರೆ ನೋಡಿದ್ದು: ಬೀಚಿಗಿಳಿಯೋ ಮರದ ಮೆಟ್ಟಿಲು, ಮೇಲಿನ ಹತ್ತಿಪ್ಪತ್ತು ನೆಟ್ಟಗಿದೆ, ಪೇಂಟೂ ಹೊಸದು, ಅದರ ಕೆಳಗೆ ಬರೀ ಗಾಳಿ. ನೇತಾಡ್ತಿದ್ದ ಕೊನೆ ಮೆಟ್ಟಿಲಲ್ಲಿ 'ಪ್ರೈವೇಟ್ ಬೀಚ್' ಅಂತ ಬೋರ್ಡು. ಮೇಲೆ ಸ್ಪ್ರಿಂಕ್ಲರ್ ಚಿಕ್ ಚಿಕ್ ಅಂತ ತಿರುಗ್ತಾನೇ ಇತ್ತು.

ರೂಲ್ಸ್ ಇಲ್ವಾ ಅಂದ್ರೆ, ಇದೆ. ವರ್ಷಕ್ಕೆ ಸರಾಸರಿ ಒಂದಡಿಯೋ ಅದಕ್ಕಿಂತ ಜಾಸ್ತಿನೋ ಕೊರೆದು ಹೋಗೋ ಕಡೆ, 30 ವರ್ಷಕ್ಕೆ ಎಷ್ಟು ಹೋಗುತ್ತೆ ಅಂತ ಲೆಕ್ಕ ಹಾಕಿ ಅಷ್ಟು ದೂರದಲ್ಲಿ ಮನೆ ಕಟ್ಟಬೇಕು, ದೊಡ್ಡ ಮನೆಗೆ 60 ವರ್ಷದ ಲೆಕ್ಕ. ಇಲ್ಲಿ ಹೋಮ್ ಲೋನೂ 30 ವರ್ಷಾನೇ! ಕೊನೇ ಕಂತು ಕಟ್ಟಿ ಪತ್ರ ಬಿಡಿಸ್ಕೊಂಡು ಬರೋ ಹೊತ್ತಿಗೆ ಕೆರೆ ಗೃಹಪ್ರವೇಶ ಮುಗಿಸಿ ಅಡುಗೆಮನೇಲಿ ಕೂತಿರುತ್ತೆ. ಅದೂ ಸರಾಸರಿ ಅಂದ್ರೇನು ಅಂತ ಕೆರೆಗೆ ಯಾರೂ ಹೇಳ್ಕೊಟ್ಟಿಲ್ಲ, ಅದು ವರ್ಷಗಟ್ಟಲೆ ಸುಮ್ನಿದ್ದು ನವೆಂಬರ್‌ನ ಒಂದೇ ಬಿರುಗಾಳೀಲಿ ಬಡ್ಡಿ ಸಮೇತ ವಸೂಲಿ ಮಾಡುತ್ತೆ.

ಗೋಡೆ ಕಟ್ತಾರೆ, ಬಂಡೆ ಸುರೀತಾರೆ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ನನ್ನ ಗೋಡೆಗೆ ಬಡಿದ ಅಲೆ ಪಕ್ಕದವನ ಮಣ್ಣು ತಿನ್ನುತ್ತೆ, ಅವನೂ ಕಟ್ತಾನೆ, ಅವನ ಪಕ್ಕದವನೂ ಕಟ್ತಾನೆ, ದಿಬ್ಬದಿಂದ ಮರಳು ಇಳಿಯೋದು ನಿಂತು ಬೀಚೇ ಮಾಯ. ಈ ದಡದಲ್ಲಿ ಯಾರು ಬೇಕಾದ್ರೂ ನಡೀಬಹುದು ಅಂತ 2005ರಲ್ಲಿ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟೇ ಹೇಳಿದೆ, ಹಕ್ಕು ಭದ್ರವಾಗಿದೆ, ಕಾಲಿಡೋಕೆ ಜಾಗ ಇಲ್ಲ ಅಷ್ಟೇ.

ನಿಜವಾದ ತಮಾಷೆ ಇನ್ನೂ ಇದೆ. 2013ರ ಜನವರೀಲಿ ಕೆರೆ ನೀರು ದಾಖಲೆ ಮಟ್ಟಕ್ಕೆ ಇಳೀತು, ದಡದವರೆಲ್ಲ ಬೋಟು ನೆಲ ಹತ್ತುತ್ತೆ, ಈ ನೀರು ಹೊರಗೆ ಹರಿದು ಹೋಗೋ ಸೇಂಟ್ ಕ್ಲೇರ್ ನದೀಲಿ ತಡೆ ಹಾಕಿ ನೀರು ಹಿಡೀರಿ ಅಂತ ಬಾಯಿ ಬಡ್ಕೊಂಡ್ರು, ಅಮೆರಿಕಾ-ಕೆನಡಾ ಜಂಟಿ ಆಯೋಗಾನೂ ಅದನ್ನ ಪರಿಶೀಲಿಸಿ ಅಂತ ಸರ್ಕಾರಗಳಿಗೆ ಹೇಳ್ತು. ಏಳೇ ವರ್ಷ. ನೀರು ಆರಡಿ ಏರ್ತು, 2020ರ ಜನವರಿಯಿಂದ ಆಗಸ್ಟ್‌ವರೆಗೆ ತಿಂಗಳು ತಿಂಗಳೂ ಹೊಸ ದಾಖಲೆ, ಈಗ ಅದೇ ದಡದಿಂದ ನೀರು ಬಿಡಿ ಬಿಡಿ ಅಂತ ಕೂಗು, ಕೆನಡಾದವರು ಒಗೋಕಿ ನದಿ ನೀರನ್ನ ಈ ಕಡೆ ತಿರುಗಿಸಿದ್ದಾರಲ್ಲ ಅದನ್ನ ಮೊದ್ಲು ನಿಲ್ಲಿಸಿ ಅಂತ ಮನವಿ ಬೇರೆ. ನಾನು ಮಂಡ್ಯದವನು, ನೀರು ಬಿಡಿ, ಬಿಡಬೇಡಿ ಅನ್ನೋದನ್ನ ಎರಡು ರಾಜ್ಯದವರ ಬಾಯಲ್ಲಿ ಕೇಳಿ ಬೆಳೆದೋನು, ಒಂದೇ ಬಾಯಲ್ಲಿ ಎರಡೂ ಕೇಳಿದ್ದು ಇಲ್ಲೇ.

ಆಮೇಲೆ ನೀರು ತಾನೇ ಇಳೀತು. ಮೊನ್ನೆ ಅದೇ ರಸ್ತೇಲಿ ಹೋದ್ರೆ ಆ ಮೆಟ್ಟಿಲಿಗೆ ಕೆಳಗಡೆ ಹೊಸ ಮೆಟ್ಟಿಲು ಜೋಡಿಸಿದ್ದಾರೆ, ಲಾನಲ್ಲಿ 'ಫಾರ್ ಸೇಲ್' ಬೋರ್ಡು. ನನ್ನ ಹೆಂಡತಿ ಕಾರ್ ನಿಲ್ಲಿಸೋಕೆ ಹೇಳಿ ಒಂದು ನಿಮಿಷ ಸೂರ್ಯಾಸ್ತ ನೋಡಿದ್ಲು, ಆಮೇಲೆ ಮೆಲ್ಲಗೆ ಕೇಳಿದ್ಲು, "ರೀ, ಲೋನು 15 ವರ್ಷಕ್ಕೂ ಕೊಡ್ತಾರಾ?"